ವಂಶವಾಹಿಯ ಸಾಕ್ಷ್ಯ ಮತ್ತು ಹೃದ್ರೋಗ: ಹೋಮೋಸಿಸ್ಟೀನ್ ವಾದದ ಒಂದು ವಿಮರ್ಶೆ

ಆಹಾರಕ್ಕೂ ಹೃದ್ರೋಗಕ್ಕೂ ಇರುವ ಸಂಬಂಧವನ್ನು ಕುರಿತ ಚರ್ಚೆಗಳಲ್ಲಿ ವಂಶವಾಹಿಗಳ ಸಾಕ್ಷ್ಯಕ್ಕೆ ಈಚಿನ ದಶಕಗಳಲ್ಲಿ ವಿಶೇಷವಾದ ಗೌರವ ಸಲ್ಲುತ್ತಿದೆ. ಮನುಷ್ಯನ ಊಟ, ವೃತ್ತಿ, ವರಮಾನ, ಅಭ್ಯಾಸಗಳು ಒಂದರೊಡನೊಂದು ಹೆಣೆದುಕೊಂಡಿರುವುದರಿಂದ ಇವುಗಳಲ್ಲಿ ಯಾವುದು ರೋಗಕ್ಕೆ ಕಾರಣ, ಯಾವುದು ಕೇವಲ ಸಹಚಾರಿ ಎಂದು ಬಿಡಿಸಿ ಹೇಳುವುದು ಕಷ್ಟ. ವಂಶವಾಹಿಯಾದರೋ ಹುಟ್ಟಿಗೆ ಮೊದಲೇ ನಿರ್ಣಯವಾದದ್ದು. ಊಟ ಉಡಿಗೆಗಳಿಂದ ಬದಲಾಗತಕ್ಕದ್ದಲ್ಲ. ಆದಕಾರಣ ಅದು ನಿಷ್ಪಕ್ಷಪಾತಿಯಾದ ಸಾಕ್ಷಿ ಎಂಬುದೇ ಈ ಗೌರವಕ್ಕೆ ಆಧಾರ.

ಈ ಗೌರವ ಎಷ್ಟರಮಟ್ಟಿಗೆ ಯುಕ್ತ ಎಂಬುದನ್ನು ಒಂದು ನಿರ್ದಿಷ್ಟ ಪ್ರಕರಣದ ಮೂಲಕ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ವಿಮರ್ಶೆಗೆ ಎರಡು ಪ್ರಬಂಧಗಳನ್ನು ತೆಗೆದುಕೊಂಡಿದೆ. ಮೊದಲನೆಯದು, 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಡೇವಿಡ್ ವಾಲ್ಡ್, ಮಾಲ್ಕಮ್ ಲಾ ಮತ್ತು ಜೋನ್ ಮಾರಿಸ್ ಅವರು ಪ್ರಕಟಿಸಿದ್ದು. ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಹೆಚ್ಚುವುದು ಹೃದ್ರೋಗಕ್ಕೆ ಕಾರಣವೇ ಸರಿ ಎಂದು ಅದು ಸಾಧಿಸುತ್ತದೆ. ಎರಡನೆಯದು, 2012ರಲ್ಲಿ ಪ್ಲಾಸ್ ಮೆಡಿಸಿನ್ ಪತ್ರಿಕೆಯಲ್ಲಿ ರಾಬರ್ಟ್ ಕ್ಲಾರ್ಕ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ್ದು. ಅದೇ ವಂಶವಾಹಿಯನ್ನೇ ಸಾಕ್ಷಿಗೆ ಕರೆದು ಅದು ತದ್ವಿರುದ್ಧವಾದ ನಿರ್ಣಯಕ್ಕೆ ಬರುತ್ತದೆ. ಸಾಕ್ಷಿ ಒಂದೇ ಆಗಿರುವಾಗ ತೀರ್ಪು ಎರಡಾದುದು ಹೇಗೆ? ಈ ಪ್ರಶ್ನೆಗೆ ದೊರೆಯುವ ಉತ್ತರ ಹೃದ್ರೋಗದ ವಿಚಾರಕ್ಕಷ್ಟೇ ಸೀಮಿತವಾದುದಲ್ಲ. ನಮ್ಮ ಕಾಲೇಜುಗಳಲ್ಲಿ ಸಂಶೋಧನೆಗೆ ತೊಡಗುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಅನ್ವಯಿಸತಕ್ಕದ್ದು.

1. ವಿಷಯದ ಹಿನ್ನೆಲೆ

ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆ, ಮಾಂಸಗಳ ಪ್ರೋಟೀನಿನಲ್ಲಿ ಮೆಥಿಯೊನೀನ್ ಎಂಬ ಅಮೈನೊ ಆಮ್ಲವಿದೆ. ದೇಹ ಇದನ್ನು ಬಳಸಿಕೊಳ್ಳುವಾಗ ನಡುವೆ ಹುಟ್ಟುವ ವಸ್ತುವೇ ಹೋಮೋಸಿಸ್ಟೀನ್. ಹುಟ್ಟಿದ ಹೋಮೋಸಿಸ್ಟೀನ್ ಎರಡು ದಾರಿಗಳಲ್ಲಿ ಕರಗುತ್ತದೆ. ಒಂದು ದಾರಿಯಲ್ಲಿ ಅದು ಬೇರೊಂದು ಅಮೈನೊ ಆಮ್ಲವಾಗಿ ಮಾರ್ಪಡುತ್ತದೆ; ಇದಕ್ಕೆ ಬಿ6 ಜೀವಸತ್ತ್ವ ಬೇಕು. ಇನ್ನೊಂದು ದಾರಿಯಲ್ಲಿ ಅದು ಮರಳಿ ಮೆಥಿಯೊನೀನ್ ಆಗುತ್ತದೆ. ಇದಕ್ಕೆ ಫೋಲೇಟ್ ಮತ್ತು ಬಿ12 ಜೀವಸತ್ತ್ವಗಳೆರಡೂ ಬೇಕು. ಆಹಾರದಲ್ಲಿ ಫೋಲೇಟ್ ಕಡಮೆಯಾದರೆ ಹೋಮೋಸಿಸ್ಟೀನ್ ಏರುತ್ತದೆ. ಫೋಲೇಟನ್ನು ಕೊಟ್ಟರೆ ಇಳಿಯುತ್ತದೆ. ಇಷ್ಟು ಭಾಗ ನಿರ್ವಿವಾದವಾದುದು.

ಫೋಲೇಟಿನ ಚರಿತ್ರೆಯಲ್ಲಿ ಭಾರತಕ್ಕೂ ಒಂದು ಸ್ಥಾನವಿದೆ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಯಲ್ಲಿ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದೆಂದು 1931ರಲ್ಲಿ ತಿಳಿಸಿದರು. ಆ ಸಾರದಲ್ಲಿದ್ದ ಗುಣಕಾರಿ ವಸ್ತು ಫೋಲೇಟ್ ಎಂಬುದು ಮುಂದೆ ಗೊತ್ತಾಯಿತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದವರು ಎಲೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. 1940ರ ದಶಕದ ನಡುವಿನಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ಅಮೆರಿಕದ ಲೆಡರ್ಲೆ ಸಂಸ್ಥೆಯ ತಂಡದ ಮುಂದಾಳು ಆಂಧ್ರದ ಯೆಲ್ಲಾಪ್ರಗಡ ಸುಬ್ಬರಾವ್.

ಹೋಮೋಸಿಸ್ಟೀನಿಗೂ ರಕ್ತನಾಳಗಳಿಗೂ ಸಂಬಂಧವನ್ನು ಮೊದಲು ಕಲ್ಪಿಸಿದವರು ಅಮೆರಿಕದ ರೋಗನಿದಾನಶಾಸ್ತ್ರಜ್ಞ ಕಿಲ್ಮರ್ ಮೆಕ್ಕಲ್ಲಿ. 1969ರಲ್ಲಿ ಪ್ರಕಟವಾದ ಅವರ ತರ್ಕ ಅಭ್ಯಾಸಯೋಗ್ಯವಾದುದು. ಹೋಮೋಸಿಸ್ಟೀನ್ ರಕ್ತದಲ್ಲಿ ಅತಿಯಾಗಿ ತುಂಬುವ ಅಪರೂಪದ ಆನುವಂಶಿಕ ರೋಗಗಳಿವೆ. ಅಂತಹ ಎರಡು ಬಾಲಕರ ಅಪಧಮನಿಗಳು ಮುದುಕರ ಅಪಧಮನಿಗಳಂತೆ ಕೆಟ್ಟಿದ್ದುದನ್ನು ಅವರು ಕಂಡರು. ಒಬ್ಬನಲ್ಲಿ ಕೆಟ್ಟಿದ್ದುದು ಮೊದಲನೆಯ ದಾರಿ, ಮತ್ತೊಬ್ಬನಲ್ಲಿ ಎರಡನೆಯದು. ಮೊದಲನೆಯದು ಕೆಟ್ಟಾಗ ಮೆಥಿಯೊನೀನ್ ಏರುತ್ತದೆ, ಎರಡನೆಯದು ಕೆಟ್ಟಾಗ ಇಳಿಯುತ್ತದೆ. ಇಬ್ಬರಲ್ಲಿಯೂ ಸಮಾನವಾಗಿ ಏರಿದ್ದುದು ಹೋಮೋಸಿಸ್ಟೀನ್ ಒಂದೇ. ಆದುದರಿಂದ ಅಪರಾಧಿ ಅದೇ ಎಂದು ಅವರು ಊಹಿಸಿದರು. ಊಹೆ ಸಮರ್ಪಕವಾಗಿಯೇ ಇದೆ. ಆದರೆ ಅಳತೆಮೀರಿದ ಹೋಮೋಸಿಸ್ಟೀನ್ ನಾಳಗಳನ್ನು ಕೆಡಿಸುವುದೆಂಬುದರಿಂದ, ಸಾಮಾನ್ಯ ಜನರಲ್ಲಿ ಕಾಣುವ ಅಲ್ಪಸ್ವಲ್ಪ ಏರಿಕೆಯೂ ಹಾಗೆಯೇ ಮಾಡುವುದೆಂದು ತಾನಾಗಿಯೇ ಸಿದ್ಧವಾಗುವುದಿಲ್ಲ. ಪ್ರವಾಹ ಮನೆಯನ್ನು ಕೊಚ್ಚಿಕೊಂಡು ಹೋಗುವುದೆಂದ ಮಾತ್ರಕ್ಕೆ ಸೋನೆಮಳೆಯೂ ಗೋಡೆಯನ್ನು ಕೆಡವುವುದೆನ್ನಲಾಗದು. ವಿವಾದವಿರುವುದು ಈ ಎರಡನೆಯ ಮಾತಿನಲ್ಲಿ.

2. ಉಪಾಧಿಯ ಸಮಸ್ಯೆ

ಹೃದ್ರೋಗಿಗಳ ರಕ್ತದಲ್ಲಿ ಹೋಮೋಸಿಸ್ಟೀನ್ ಇತರರಿಗಿಂತ ಸ್ವಲ್ಪ ಹೆಚ್ಚಾಗಿರುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿತು. ಆದರೆ ಧೂಮಪಾನ ಮಾಡುವವರಲ್ಲಿ ಹೋಮೋಸಿಸ್ಟೀನ್ ಹೆಚ್ಚು. ಸೊಪ್ಪು, ತರಕಾರಿ, ಹಣ್ಣುಗಳನ್ನು ತಿನ್ನದವರಲ್ಲಿ ಹೆಚ್ಚು. ಮೂತ್ರಪಿಂಡದ ಶಕ್ತಿ ಕುಂದಿದವರಲ್ಲಿ ಹೆಚ್ಚು. ಈ ಮೂರು ವರ್ಗದವರಲ್ಲಿ ಹೃದ್ರೋಗವೂ ಹೆಚ್ಚು.

ನಮ್ಮ ನ್ಯಾಯಶಾಸ್ತ್ರಜ್ಞರು ಇಂತಹ ಸಂದರ್ಭವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬೆಂಕಿಯಿರುವಲ್ಲೆಲ್ಲ ಹೊಗೆಯಿರುವುದೆಂದು ಒಬ್ಬನು ವಾದಿಸಿದರೆ, ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲವೆಂಬುದನ್ನು ತೋರಿಸಿ, ಹೊಗೆಗೆ ಬೇಕಾದುದು ಹಸಿ ಸೌದೆಯ ಸಂಯೋಗವೆಂದು ಅವರು ಉತ್ತರ ಕೊಡುವರು. ಆ ಹಸಿ ಸೌದೆಯೇ ಉಪಾಧಿ. ಉಪಾಧಿಯಿಂದ ಕೂಡಿದ ವ್ಯಾಪ್ತಿಯನ್ನು ನೆಚ್ಚಿ ಅನುಮಾನ ಮಾಡಲಾಗದು. ಹೋಮೋಸಿಸ್ಟೀನ್ ಬೆಂಕಿಯಾಗಿದ್ದು ಧೂಮಪಾನವೋ ಆಹಾರವೋ ಮೂತ್ರಪಿಂಡವೋ ಹಸಿ ಸೌದೆಯಾಗಿರಬಾರದೇಕೆ? ಗಣಿತದ ಮೂಲಕ ಈ ಉಪಾಧಿಗಳ ಪ್ರಭಾವವನ್ನು ಕಳೆಯಲು ಯತ್ನಗಳಾದುವು. 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಸಂಕಲಿತ ವಿಶ್ಲೇಷಣೆಯಲ್ಲಿ, ಹೀಗೆ ಕಳೆದ ಮೇಲೆ, ಹೋಮೋಸಿಸ್ಟೀನ್ ನೂರಕ್ಕೆ 25ರಷ್ಟು ಕಡಮೆಯಿರುವವರಲ್ಲಿ ಹೃದ್ರೋಗ ನೂರಕ್ಕೆ 11ರಷ್ಟು, ಪಾರ್ಶ್ವವಾಯು ನೂರಕ್ಕೆ 19ರಷ್ಟು ಕಡಮೆಯೆಂದು ಕಂಡಿತು. ಆದರೆ ಅಳೆಯಲು ಬಾರದ ಉಪಾಧಿಗಳನ್ನು ಕಳೆಯುವ ಗಣಿತವಿಲ್ಲವಷ್ಟೆ.

ಇಲ್ಲಿ ವಂಶವಾಹಿಯ ಪ್ರವೇಶವಾಗುತ್ತದೆ. ತಂದೆತಾಯಿಗಳಲ್ಲಿರುವ ಜೋಡಿ ರೂಪಗಳಲ್ಲಿ ಮಗುವಿಗೆ ಯಾವುದು ಬರುವುದೆಂಬುದು ಮೆಂಡೆಲನ ನಿಯಮದಂತೆ ಚೀಟಿ ಎತ್ತಿದ ಹಾಗೆ ನಿರ್ಣಯವಾಗುತ್ತದೆ. ರಕ್ತದ ಒಂದು ವಸ್ತುವನ್ನು ಏರಿಸುವ ವಂಶವಾಹಿಯ ರೂಪ ಕೆಲವರಿಗೆ ಬಂದು ಕೆಲವರಿಗೆ ಬಾರದಿದ್ದರೆ, ಪ್ರಕೃತಿಯೇ ಒಂದು ಪ್ರಯೋಗವನ್ನು ನಡೆಸಿದಂತಾಯಿತು. ಈ ವಿಚಾರಸರಣಿಯನ್ನು 1986ರಲ್ಲಿ ಹಾಲೆಂಡಿನ ಮಾರ್ಟೈನ್ ಕಟಾನ್ ಅವರು ಲ್ಯಾನ್ಸೆಟ್ ಪತ್ರಿಕೆಗೆ ಬರೆದ ಪತ್ರವೊಂದರಲ್ಲಿ ಸೂಚಿಸಿದ್ದರು. 2003ರಲ್ಲಿ ಜಾರ್ಜ್ ಡೇವಿ ಸ್ಮಿತ್ ಮತ್ತು ಶಾ ಎಬ್ರಾಹಿಮ್ ಅವರು ಇದನ್ನು ವಿಸ್ತಾರವಾಗಿ ಪ್ರತಿಪಾದಿಸಿದರು. ಮೆಂಡೆಲೀಯ ಯಾದೃಚ್ಛಿಕೀಕರಣವೆಂದು ಇದಕ್ಕೆ ಹೆಸರು. ಇದರ ಪ್ರಾಮಾಣ್ಯಕ್ಕೆ ಮೂರು ನಿಬಂಧನೆಗಳುಂಟು. ವಂಶವಾಹಿಯ ಆ ರೂಪ ವಿಚಾರಣೆಯಲ್ಲಿರುವ ವಸ್ತುವನ್ನು ನಿಜವಾಗಿಯೂ ಏರಿಸಬೇಕು ಅಥವಾ ಇಳಿಸಬೇಕು. ಮೇಲೆ ಹೇಳಿದಂತಹ ಉಪಾಧಿಗಳೊಡನೆ ಅದಕ್ಕೆ ನಂಟಿರಬಾರದು. ಆ ವಸ್ತುವಿನ ಮೂಲಕವಲ್ಲದೆ ಬೇರೆ ದಾರಿಯಿಂದ ಅದು ರೋಗವನ್ನು ಮುಟ್ಟಬಾರದು.

ಹೋಮೋಸಿಸ್ಟೀನಿನ ವಿಷಯದಲ್ಲಿ ಇಂತಹ ರೂಪವೊಂದು 1995ರಲ್ಲಿ ಗೊತ್ತಾಯಿತು. ಫೋಲೇಟನ್ನು ಕಾರ್ಯಯೋಗ್ಯವಾದ ರೂಪಕ್ಕೆ ತರುವ ಒಂದು ಕಿಣ್ವಕ್ಕೆ ಎಂಟಿಎಚ್ಎಫ್ಆರ್ ಎಂದು ಸಂಕ್ಷಿಪ್ತನಾಮ. ಆ ಕಿಣ್ವದ ವಂಶವಾಹಿಯ 677ನೆಯ ಸ್ಥಾನದಲ್ಲಿ ಕೆಲವರಿಗೆ ‘ಸಿ’ ಅಕ್ಷರಕ್ಕೆ ಬದಲಾಗಿ ‘ಟಿ’ ಇರುತ್ತದೆ. ತಂದೆತಾಯಿಗಳಿಬ್ಬರಿಂದಲೂ ‘ಟಿ’ ಬಂದವರಲ್ಲಿ ಕಿಣ್ವ ದುರ್ಬಲವಾಗಿ ಹೋಮೋಸಿಸ್ಟೀನ್ ಏರುತ್ತದೆ. ಇವರನ್ನು ಟಿಟಿ ಎಂದೂ, ಇಬ್ಬರಿಂದಲೂ ‘ಸಿ’ ಬಂದವರನ್ನು ಸಿಸಿ ಎಂದೂ ಕರೆಯೋಣ. ಯುರೋಪಿನ ಜನರಲ್ಲಿ ಟಿಟಿಗಳು ನೂರಕ್ಕೆ ಸುಮಾರು 10 ಮಂದಿ.

3. 2002ರ ಪ್ರಬಂಧ

ವಾಲ್ಡ್ ಮತ್ತು ಸಂಗಡಿಗರ ಪ್ರಬಂಧದ ಗುಣವನ್ನು ಮೊದಲು ಹೇಳುವುದು ನ್ಯಾಯ. ಅದರ ರಚನೆ ಸ್ಪಷ್ಟವಾಗಿದೆ. ವಾದ ಅಡ್ಡದಾರಿ ಹಿಡಿಯುವುದಿಲ್ಲ. ಈ ವಂಶವಾಹಿಯನ್ನು ಕುರಿತ 72 ಅಧ್ಯಯನಗಳನ್ನೂ, ಆರೋಗ್ಯವಂತರ ರಕ್ತವನ್ನು ಮೊದಲೇ ಅಳೆದಿಟ್ಟು ಮುಂದೆ ರೋಗ ಬಂದವರನ್ನು ಗುರುತಿಸಿದ 20 ಅಧ್ಯಯನಗಳನ್ನೂ ಅವರು ಒಟ್ಟುಗೂಡಿಸಿದರು. ಲೀಟರು ರಕ್ತರಸಕ್ಕೆ 5 ಮೈಕ್ರೊಮೋಲಿನಷ್ಟು ಹೋಮೋಸಿಸ್ಟೀನ್ ಹೆಚ್ಚಿದರೆ ಹೃದ್ರೋಗದ ಅಪಾಯ ವಂಶವಾಹಿಯ ಅಧ್ಯಯನಗಳ ಪ್ರಕಾರ 1.42 ಪಟ್ಟು, ಇತರ ಅಧ್ಯಯನಗಳ ಪ್ರಕಾರ 1.32 ಪಟ್ಟು ಎಂದು ಬಂತು. ಈ ಎರಡು ಬಗೆಯ ಅಧ್ಯಯನಗಳ ದೋಷಸಂಭವಗಳು ಬೇರೆಬೇರೆ. ಆದರೂ ಉತ್ತರಗಳು ಹತ್ತಿರಹತ್ತಿರವಾಗಿವೆ. ಆದುದರಿಂದ ಸಂಬಂಧ ಕಾರ್ಯಕಾರಣ ಸಂಬಂಧವೇ ಎಂಬುದು ಅವರ ಸಿದ್ಧಾಂತ. ಫೋಲಿಕ್ ಆಮ್ಲದಿಂದ ಹೋಮೋಸಿಸ್ಟೀನನ್ನು 3 ಮೈಕ್ರೊಮೋಲಿನಷ್ಟು ಇಳಿಸಿದರೆ ಹೃದ್ರೋಗ ನೂರಕ್ಕೆ 16ರಷ್ಟು, ಪಾರ್ಶ್ವವಾಯು ನೂರಕ್ಕೆ 24ರಷ್ಟು ಇಳಿಯುವುದೆಂದು ಅವರು ಲೆಕ್ಕ ಹಾಕಿದರು.

ಈ ಲೆಕ್ಕ ಕಾಗದದಲ್ಲಿಯೇ ಉಳಿಯಲಿಲ್ಲ. 2003ರಲ್ಲಿ ನಿಕೊಲಸ್ ವಾಲ್ಡ್ ಮತ್ತು ಮಾಲ್ಕಮ್ ಲಾ ಅವರು ಆರು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿ ವಯಸ್ಸು 55 ದಾಟಿದವರಿಗೆಲ್ಲ ಕೊಡಬಹುದೆಂದು ಸೂಚಿಸಿದಾಗ, ಆ ಆರರಲ್ಲಿ ಫೋಲಿಕ್ ಆಮ್ಲವೂ ಒಂದಾಗಿತ್ತು.

ಈಗ ವಾದದ ಕೀಲನ್ನು ನೋಡೋಣ. ಎರಡು ಸಾಕ್ಷ್ಯಗಳು ಪರಸ್ಪರ ಸ್ವತಂತ್ರ ಎಂಬ ಮಾತಿನ ಮೇಲೆ ಇಡೀ ಕಟ್ಟಡ ನಿಂತಿದೆ. ಪ್ರಕೃತಿ ಚೀಟಿ ಎತ್ತುವಾಗ ಪಕ್ಷಪಾತವಿಲ್ಲ ನಿಜ. ಆದರೆ ಪ್ರಕೃತಿಯ ಚೀಟಿ ನಮ್ಮ ಮೇಜಿಗೆ ನೇರವಾಗಿ ಬಂದು ಬೀಳುವುದಿಲ್ಲ. ಯಾರೋ ರೋಗಿಗಳನ್ನು ಆರಿಸುತ್ತಾರೆ, ರಕ್ತವನ್ನು ಪರೀಕ್ಷಿಸುತ್ತಾರೆ, ಫಲಿತಾಂಶವನ್ನು ಬರೆಯುತ್ತಾರೆ ಅಥವಾ ಬರೆಯದೆ ಬಿಡುತ್ತಾರೆ, ಸಂಪಾದಕರು ಅದನ್ನು ಅಚ್ಚು ಹಾಕುತ್ತಾರೆ ಅಥವಾ ಹಿಂದಿರುಗಿಸುತ್ತಾರೆ. ಎರಡು ಬಗೆಯ ಅಧ್ಯಯನಗಳೂ ಹಾಯ್ದುಬರಬೇಕಾದ ಬಾಗಿಲು ಒಂದೇ. ‘ಸಂಬಂಧವುಂಟು’ ಎನ್ನುವವರಿಗೆ ಆ ಬಾಗಿಲು ಸುಲಭವಾಗಿ ತೆರೆದು, ‘ಸಂಬಂಧವಿಲ್ಲ’ ಎನ್ನುವವರಿಗೆ ಮುಚ್ಚಿಕೊಳ್ಳುವುದಾದರೆ, ಎರಡು ಸಾಕ್ಷ್ಯಗಳ ಹೊಂದಿಕೆ ಸತ್ಯದ ಗುರುತಾಗದೆ ಬಾಗಿಲಿನ ಗುರುತಾಗುತ್ತದೆ. ಉಪಾಧಿಯನ್ನು ಪ್ರಕೃತಿಯಿಂದ ಹೊರಗಟ್ಟಿದರೆ ಅದು ಪತ್ರಿಕಾಲಯದಲ್ಲಿ ಹೋಗಿ ಕುಳಿತಿತು.

ಇದು ಬರಿಯ ಶಂಕೆಯಲ್ಲವೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತೋರಿಸಬಹುದು. ಟಿಟಿಗಳಲ್ಲಿ ಅಪಾಯ 1.16 ಪಟ್ಟು ಎಂದಿಟ್ಟುಕೊಳ್ಳೋಣ. 2002ರಲ್ಲಿಯೇ ಪ್ರಕಟವಾದ, 40 ಅಧ್ಯಯನಗಳನ್ನು ಒಳಗೊಂಡ ಇನ್ನೊಂದು ಸಂಕಲಿತ ವಿಶ್ಲೇಷಣೆಯ ಉತ್ತರ ಇದು. ನಿರೋಗಿಗಳಲ್ಲಿ ನೂರಕ್ಕೆ 10 ಮಂದಿ ಟಿಟಿಗಳಾದರೆ, ಹೃದ್ರೋಗಿಗಳಲ್ಲಿ ನೂರಕ್ಕೆ 11 ಮಂದಿಗಿಂತ ಸ್ವಲ್ಪ ಹೆಚ್ಚು ಇರಬೇಕು. 100 ರೋಗಿಗಳನ್ನೂ 100 ನಿರೋಗಿಗಳನ್ನೂ ಹೋಲಿಸುವವನಿಗೆ ಸಿಕ್ಕುವ ವ್ಯತ್ಯಾಸ ಒಬ್ಬಿಬ್ಬರದು. ಅದು ಆಕಸ್ಮಿಕದಲ್ಲಿ ಮುಚ್ಚಿಹೋಗುತ್ತದೆ. ಸಂಖ್ಯಾಶಾಸ್ತ್ರದ ವಾಡಿಕೆಯ ಒರೆಗಲ್ಲಿನಲ್ಲಿ ಆ ಗಾತ್ರದ ಅಧ್ಯಯನ ಗಣನೀಯವೆನಿಸಬೇಕಾದರೆ ಒಂದು ಕಡೆ 10, ಮತ್ತೊಂದು ಕಡೆ ಸುಮಾರು 20 ಮಂದಿ ಟಿಟಿಗಳು ಕಾಣಬೇಕು. ಎಂದರೆ ಅಪಾಯ ಎರಡು ಪಟ್ಟಿಗಿಂತ ಹೆಚ್ಚೆಂದು ತೋರಬೇಕು. ಆದುದರಿಂದ ಸಣ್ಣ ಅಧ್ಯಯನಗಳಲ್ಲಿ ಗಣನೀಯವಾದವುಗಳನ್ನು ಮಾತ್ರ ಅಚ್ಚು ಹಾಕುವ ಪದ್ಧತಿಯಿದ್ದಲ್ಲಿ, ಅಚ್ಚಾದುದೆಲ್ಲ ಉತ್ಪ್ರೇಕ್ಷೆಯಾಗಿರಲೇಬೇಕು. 1.16ರಷ್ಟು ಅಪಾಯವನ್ನು ಭರವಸೆಯಿಂದ ಗುರುತಿಸಬೇಕಾದರೆ ಸುಮಾರು 7,500 ರೋಗಿಗಳೂ ಅಷ್ಟೇ ನಿರೋಗಿಗಳೂ ಬೇಕು. ಒಟ್ಟುಗೂಡಿಸಿದವುಗಳಲ್ಲಿ ಬಹುಭಾಗ ಈ ಗಾತ್ರಕ್ಕೆ ಬಹಳ ದೂರವಾದ ಸಣ್ಣ ಅಧ್ಯಯನಗಳು. ನೂರು ಕುಂದಿದ ತಕ್ಕಡಿಗಳಲ್ಲಿ ತೂಗಿ ಸರಾಸರಿ ತೆಗೆದರೆ, ಎಲ್ಲವೂ ಒಂದೇ ಕಡೆಗೆ ವಾಲಿದ್ದ ಪಕ್ಷದಲ್ಲಿ, ಸರಾಸರಿಯೂ ಆ ಕಡೆಗೇ ವಾಲುವುದು.

4. ಪ್ರಯೋಗಗಳ ಮತ್ತು ಮರುವಿಚಾರಣೆಯ ತೀರ್ಪು

ಕಾರಣವೆಂದು ಹೇಳಿದುದನ್ನು ತೆಗೆದುಹಾಕಿದರೆ ಕಾರ್ಯವೂ ತಪ್ಪಬೇಕು. ಈ ಪರೀಕ್ಷೆ ಅನೇಕ ದೇಶಗಳಲ್ಲಿ ನಡೆಯಿತು. 2006ರಲ್ಲಿ ನಾರ್ವೆಯ ಪ್ರಯೋಗದ ಫಲ ಪ್ರಕಟವಾಯಿತು: ಹೃದಯಾಘಾತವಾಗಿದ್ದ 3,749 ಮಂದಿಯಲ್ಲಿ, ಫೋಲಿಕ್ ಆಮ್ಲ ಮತ್ತು ಬಿ12 ಪಡೆದವರಿಗೆ ಹೋಮೋಸಿಸ್ಟೀನ್ ನೂರಕ್ಕೆ 27ರಷ್ಟು ಇಳಿಯಿತು, ರೋಗ ಇಳಿಯಲಿಲ್ಲ. ಅದೇ ವರ್ಷ ಪ್ರಕಟವಾದ, 5,522 ಮಂದಿಯನ್ನು ಐದು ವರ್ಷ ನೋಡಿಕೊಂಡ ಹೋಪ್-2 ಪ್ರಯೋಗದಲ್ಲಿಯೂ ಹೃದಯಾಘಾತ ತಗ್ಗಲಿಲ್ಲ. ಪಾರ್ಶ್ವವಾಯು ಮಾತ್ರ ಸ್ವಲ್ಪ ತಗ್ಗಿತು. 2010ರಲ್ಲಿ ಬ್ರಿಟನ್ನಿನ 12,064 ಮಂದಿಯ ಪ್ರಯೋಗದ ಫಲವೂ ಹೃದ್ರೋಗದ ಮಟ್ಟಿಗೆ ಶೂನ್ಯವಾಯಿತು. ಇಂತಹ ಎಂಟು ಪ್ರಯೋಗಗಳ 37,485 ಮಂದಿಯ ವಿವರಗಳನ್ನು ಅದೇ ವರ್ಷ ಒಟ್ಟುಗೂಡಿಸಿದಾಗ, ಔಷಧ ಪಡೆದವರಿಗೂ ಪಡೆಯದವರಿಗೂ ಹೃದಯ ಮತ್ತು ರಕ್ತನಾಳಗಳ ಮುಖ್ಯ ಆಘಾತಗಳ ಅನುಪಾತ 1.01 ಎಂದು ಬಂತು. ಎಂದರೆ ಭೇದವೇ ಇಲ್ಲ.

ಹಾಗಾದರೆ ವಂಶವಾಹಿ ಸುಳ್ಳು ಹೇಳಿತೆ? 2012ರ ಪ್ರಬಂಧದ ಹಿರಿಮೆಯಿರುವುದು ಈ ಪ್ರಶ್ನೆಯನ್ನು ಕೇಳಿದುದರಲ್ಲಿ. ಕ್ಲಾರ್ಕ್ ಮತ್ತು ಸಂಗಡಿಗರು ಅಚ್ಚಾಗದ ಮಾಹಿತಿಯನ್ನು ಹುಡುಕಿದರು. ಈ ಹೊತ್ತಿಗೆ, ಬೇರೆ ಉದ್ದೇಶಗಳಿಗಾಗಿ ಅಸಂಖ್ಯಾತ ವಂಶವಾಹಿಗಳನ್ನು ಒಟ್ಟೊಟ್ಟಿಗೆ ಓದಿದ ದೊಡ್ಡ ಅಧ್ಯಯನಗಳು ನಡೆದಿದ್ದುವು. ಅವುಗಳಲ್ಲಿ ಎಂಟಿಎಚ್ಎಫ್ಆರ್ ವಿವರವೂ ಸೇರಿತ್ತು. ಆದರೆ ಅದೊಂದನ್ನೇ ಎತ್ತಿ ಪ್ರಬಂಧ ಬರೆಯುವ ಆಸೆ ಯಾರಿಗೂ ಇರಲಿಲ್ಲ. ಆಸೆಯಿಲ್ಲದವನ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ಇಂತಹ 19 ಸಂಗ್ರಹಗಳಿಂದ 48,175 ಹೃದ್ರೋಗಿಗಳನ್ನೂ 67,961 ನಿರೋಗಿಗಳನ್ನೂ ಹೋಲಿಸಿದಾಗ ಟಿಟಿಗಳ ಅಪಾಯ 1.02 ಎಂದು ಬಂತು. ಅದರ ಸಂಭಾವ್ಯ ಎಲ್ಲೆ 0.98ರಿಂದ 1.07. ಅಚ್ಚಾಗಿದ್ದ 86 ಅಧ್ಯಯನಗಳದು 1.15. ವಂಶವಾಹಿ ಒಂದೇ, ರೋಗ ಒಂದೇ, ಲೆಕ್ಕದ ವಿಧಾನ ಒಂದೇ. ಭೇದವಿದ್ದುದು ಅಚ್ಚಿನ ಮನೆಯ ಹೊಸ್ತಿಲಲ್ಲಿ.

2013ರಲ್ಲಿ ಇನ್ನೊಂದು ದಿಕ್ಕಿನಿಂದಲೂ ಇದೇ ಉತ್ತರ ಬಂತು. 44,147 ಮಂದಿಯ ಅಧ್ಯಯನದಿಂದ, ಹೋಮೋಸಿಸ್ಟೀನನ್ನು ಏರಿಸುವ ಇಳಿಸುವ 13 ವಂಶವಾಹಿ ಸ್ಥಾನಗಳನ್ನು ಗುರುತಿಸಿ, ಅವುಗಳನ್ನು ಒಟ್ಟಾಗಿ ಸಾಕ್ಷಿಗೆ ಕರೆದಾಗಲೂ ಹೃದ್ರೋಗಕ್ಕೆ ನಂಟು ಕಾಣಲಿಲ್ಲ.

5. ಒಂದು ಸಮಾಧಾನ ಮತ್ತು ಅದರ ಮಿತಿ

ಇಲ್ಲಿ ಪೂರ್ವಪಕ್ಷದವರ ಒಂದು ಸಮಾಧಾನವನ್ನು ಪರಿಶೀಲಿಸಬೇಕು. ಮೊದಲಿನಿಂದಲೂ ಯುರೋಪಿನಲ್ಲಿ ಕಂಡ ಅಪಾಯ ಉತ್ತರ ಅಮೆರಿಕದಲ್ಲಿ ಕಂಡಿರಲಿಲ್ಲ. ಮಕ್ಕಳಲ್ಲಿ ಬೆನ್ನುಹುರಿಯ ಜನ್ಮದೋಷಗಳನ್ನು ತಡೆಯಲೆಂದು 1998ರಿಂದ ಅಮೆರಿಕದಲ್ಲಿ ಹಿಟ್ಟಿಗೆ ಫೋಲಿಕ್ ಆಮ್ಲವನ್ನು ಬೆರಸುವುದು ಕಡ್ಡಾಯವಾಯಿತು. ಜೀವಸತ್ತ್ವದ ಗುಳಿಗೆಗಳನ್ನು ನುಂಗುವ ವಾಡಿಕೆಯೂ ಅಲ್ಲಿ ಹೆಚ್ಚು. ಫೋಲೇಟ್ ಸಮೃದ್ಧವಾಗಿರುವಲ್ಲಿ ದುರ್ಬಲ ಕಿಣ್ವವೂ ಕೆಲಸ ಮಾಡಿಕೊಂಡು ಹೋಗುತ್ತದೆ. ಆದುದರಿಂದ ಅಲ್ಲಿ ವಂಶವಾಹಿಯ ದೋಷ ಮರೆಯಾಗಿದೆ ಎಂಬುದು ಸಮಾಧಾನ.

ತತ್ತ್ವತಃ ಇದು ಸರಿಯಾದ ಮಾತು. ವಂಶವಾಹಿ ಶೂನ್ಯದಲ್ಲಿ ಕೆಲಸ ಮಾಡುವುದಿಲ್ಲ. ಊಟದ ತಟ್ಟೆಯೊಡನೆ ಸೇರಿ ಕೆಲಸ ಮಾಡುತ್ತದೆ. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮೈಕೆಲ್ ಹೋಮ್ಸ್ ಮತ್ತು ಸಂಗಡಿಗರು ತೋರಿಸಿದಂತೆ, ಫೋಲೇಟ್ ಕಡಮೆಯಿರುವ ಏಷ್ಯದಲ್ಲಿ ಟಿಟಿಗೂ ಸಿಸಿಗೂ ಹೋಮೋಸಿಸ್ಟೀನಿನ ಅಂತರ 3.12 ಮೈಕ್ರೊಮೋಲ್, ಫೋಲೇಟ್ ಸಮೃದ್ಧವಾದ ದೇಶಗಳಲ್ಲಿ ಕೇವಲ 0.13. ಆದರೆ ಹೃದ್ರೋಗದ ವಾದವನ್ನು ಈ ಸಮಾಧಾನ ಉಳಿಸಲಾರದು. 2012ರ ಪ್ರಬಂಧದಲ್ಲಿ, ಹಿಟ್ಟಿಗೆ ಫೋಲಿಕ್ ಆಮ್ಲ ಬೆರಸದ, ಫೋಲೇಟ್ ಕಡಮೆಯಿರುವ ಜನಸಮುದಾಯಗಳನ್ನು ಪ್ರತ್ಯೇಕವಾಗಿ ನೋಡಿದಾಗಲೂ ಅನುಪಾತ 1.01 ಆಗಿಯೇ ಉಳಿಯಿತು.

ಪಾರ್ಶ್ವವಾಯುವಿನ ಸಂಗತಿ ಬೇರೆ. 2015ರಲ್ಲಿ ಪ್ರಕಟವಾದ ಚೀನದ ಪ್ರಯೋಗದಲ್ಲಿ, ರಕ್ತದೊತ್ತಡವಿದ್ದ 20,702 ಮಂದಿಯಲ್ಲಿ ಅರ್ಧದಷ್ಟು ಮಂದಿಗೆ ಒತ್ತಡದ ಔಷಧವನ್ನೂ ಉಳಿದರ್ಧಕ್ಕೆ ಅದರ ಜೊತೆಗೆ ಫೋಲಿಕ್ ಆಮ್ಲವನ್ನೂ ಕೊಡಲಾಯಿತು. ಮೊದಲ ಸಲದ ಪಾರ್ಶ್ವವಾಯು ಮೊದಲನೆಯವರಲ್ಲಿ ನೂರಕ್ಕೆ 3.4, ಎರಡನೆಯವರಲ್ಲಿ 2.7. ಆ ಪ್ರಾಂತಗಳಲ್ಲಿ ಹಿಟ್ಟಿಗೆ ಫೋಲಿಕ್ ಆಮ್ಲ ಬೆರಸುವ ಪದ್ಧತಿಯಿರಲಿಲ್ಲ. ಹೃದಯಾಘಾತದಲ್ಲಿ ಗಣನೀಯ ಭೇದ ಕಾಣಲಿಲ್ಲ. ಒಂದೇ ವಸ್ತು ಒಂದು ರೋಗಕ್ಕೆ ಸಂಬಂಧಿಸಿ ಮತ್ತೊಂದಕ್ಕೆ ಸಂಬಂಧಿಸದೆ ಇರಬಹುದು. ಒಂದು ದೇಶದಲ್ಲಿ ಪ್ರಯೋಜನಕ್ಕೆ ಬಂದು ಮತ್ತೊಂದರಲ್ಲಿ ಬಾರದೆ ಇರಬಹುದು. ಹೃದಯ ಮತ್ತು ಮಿದುಳುಗಳ ಆಘಾತಗಳನ್ನು ಒಂದೇ ಮಾತಿನಲ್ಲಿ ಕಟ್ಟಿ ಹೇಳುವ ಅಭ್ಯಾಸ ಈ ವಿವೇಕಕ್ಕೆ ಅಡ್ಡಿಯಾಗುತ್ತದೆ.

6. ನಮ್ಮ ದೇಶದ ಮಟ್ಟಿಗೆ

ಮೇಲಿನ ವಿಮರ್ಶೆಯಲ್ಲಿ ಬಂದ ಅಧ್ಯಯನಗಳೆಲ್ಲ ಬಹುಮಟ್ಟಿಗೆ ಯುರೋಪು, ಅಮೆರಿಕ, ಚೀನಗಳವು. ಭಾರತದಲ್ಲಿ ಹೋಮೋಸಿಸ್ಟೀನಿನ ಕಥೆಗೆ ಬೇರೊಂದು ಮುಖವಿದೆ. 2001ರಲ್ಲಿ ಪ್ರಕಟವಾದ ಪುಣೆಯ ಅಧ್ಯಯನದಲ್ಲಿ 204 ಮಂದಿಯನ್ನು ಪರೀಕ್ಷಿಸಿದಾಗ ನೂರಕ್ಕೆ 77 ಮಂದಿಯಲ್ಲಿ ಹೋಮೋಸಿಸ್ಟೀನ್ ಹೆಚ್ಚಾಗಿತ್ತು. ನೂರಕ್ಕೆ 47 ಮಂದಿಯಲ್ಲಿ ಬಿ12 ಕೊರತೆಯಿತ್ತು. ಬಿ12 ದೊರೆಯುವುದು ಪ್ರಾಣಿಮೂಲದ ಆಹಾರದಿಂದ. ಸೊಪ್ಪು ಬೇಳೆಗಳಲ್ಲಿ ಅದಿಲ್ಲ. ಹಾಲುಮೊಸರು ಮಿತವಾಗಿರುವ ಸಸ್ಯಾಹಾರಿಗೆ ಫೋಲೇಟ್ ಸಾಕಷ್ಟು ಸಿಕ್ಕಿದರೂ ಬಿ12 ಸಿಕ್ಕುವುದಿಲ್ಲ. ಹೋಮೋಸಿಸ್ಟೀನ್ ಮರಳಿ ಮೆಥಿಯೊನೀನ್ ಆಗುವುದಕ್ಕೆ ಎರಡೂ ಬೇಕೆಂದು ಆರಂಭದಲ್ಲಿಯೇ ಹೇಳಿದೆ. ಆದಕಾರಣ ಯುರೋಪಿನಲ್ಲಿ ಫೋಲೇಟಿನ ಪ್ರಶ್ನೆಯಾದುದು ಇಲ್ಲಿ ಬಹುಮಟ್ಟಿಗೆ ಬಿ12 ಪ್ರಶ್ನೆಯಾಗುತ್ತದೆ. ಅಲ್ಲಿನ ಗುಳಿಗೆಯನ್ನು ಹಾಗೆಯೇ ಇಲ್ಲಿಗೆ ತರುವುದೂ, ಅಲ್ಲಿನ ನಿಷೇಧವನ್ನು ಹಾಗೆಯೇ ಇಲ್ಲಿಗೆ ತರುವುದೂ ಎರಡೂ ಅವಿಚಾರವೇ. ನರಗಳ ಮತ್ತು ರಕ್ತದ ಆರೋಗ್ಯಕ್ಕಾಗಿ ಬಿ12 ಕೊರತೆಯನ್ನು ನೀಗುವುದು ಅವಶ್ಯಕ; ಹೃದ್ರೋಗ ನಿವಾರಣೆಯ ಹೆಸರನ್ನು ಅದಕ್ಕೆ ಹಚ್ಚಬೇಕಾಗಿಲ್ಲ. ಬಹು ಔಷಧಗಳ ಒಂದೇ ಗುಳಿಗೆಯನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಮುಂದಾಳುತನದಲ್ಲಿ ಭಾರತದಲ್ಲಿ ಪರೀಕ್ಷಿಸಿ 2009ರಲ್ಲಿ ಫಲ ಪ್ರಕಟಿಸಿದಾಗ, ಆ ಗುಳಿಗೆಯಲ್ಲಿ ಐದು ಔಷಧಗಳಿದ್ದುವು, ಫೋಲಿಕ್ ಆಮ್ಲವಿರಲಿಲ್ಲ.

ಇದೇ ವಂಶವಾಹಿಯನ್ನು ನಮ್ಮ ನಾಡಿನಲ್ಲಿ ಬೇರೊಂದು ಪ್ರಶ್ನೆಗೆ ಸಾಕ್ಷಿಯಾಗಿ ಕರೆದುದುಂಟು. ಪುಣೆ ಮತ್ತು ಮೈಸೂರುಗಳಲ್ಲಿ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಅನುಸರಿಸಿದ ಎರಡು ಅಧ್ಯಯನಗಳ ಮಾಹಿತಿಯಿಂದ, ತಾಯಿಯ ಹೋಮೋಸಿಸ್ಟೀನ್ ಹೆಚ್ಚಿದಷ್ಟೂ ಮಗುವಿನ ಹುಟ್ಟುತೂಕ ಕಡಮೆಯೆಂದೂ, ಎಂಟಿಎಚ್ಎಫ್ಆರ್ ಸಾಕ್ಷ್ಯ ಇದನ್ನು ಸಮರ್ಥಿಸುವುದೆಂದೂ 2014ರಲ್ಲಿ ಪ್ರಕಟವಾಯಿತು. ಮೈಸೂರಿನ ತಾಯಂದಿರಿಂದ ದೊರೆತ ಈ ಫಲ ಮಹತ್ತ್ವದ್ದು. ಮಹತ್ತ್ವದ್ದಾದುದರಿಂದಲೇ ಹೃದ್ರೋಗದ ವಾದಕ್ಕೆ ಹಾಕಿದ ಒರೆಗಲ್ಲಿಗೆ ಇದನ್ನೂ ಹಾಕಬೇಕು. ಬೇರೆ ಊರುಗಳಲ್ಲಿ, ಹೆಚ್ಚು ಸಂಖ್ಯೆಯ ತಾಯಂದಿರಲ್ಲಿ ಪುನಃ ಪರೀಕ್ಷಿಸಬೇಕು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮ್ಮ ಹಳ್ಳಿಯವರಿಗೂ ಗೊತ್ತಿದೆ.

7. ಉಪಸಂಹಾರ

ಈ ಪ್ರಕರಣದಿಂದ ವಂಶವಾಹಿಯ ಸಾಕ್ಷ್ಯ ನಿರುಪಯುಕ್ತವೆಂದು ಯಾರೂ ತಿಳಿಯಬಾರದು. ಕೊನೆಗೆ ಸತ್ಯವನ್ನು ಎತ್ತಿ ತೋರಿಸಿದ ಸಾಕ್ಷ್ಯಗಳಲ್ಲಿ ವಂಶವಾಹಿಯದೂ ಒಂದು. ದೋಷವಿದ್ದುದು ಸಾಕ್ಷಿಯಲ್ಲಲ್ಲ, ಸಾಕ್ಷಿಗಳನ್ನು ಕರೆದ ರೀತಿಯಲ್ಲಿ. 2002ರ ಪ್ರಬಂಧಕಾರರನ್ನು ಹತ್ತು ವರ್ಷಗಳ ನಂತರದ ಜ್ಞಾನದಿಂದ ಹಳಿಯುವುದೂ ಸಲ್ಲದು. ಆದರೆ ಒಂದು ಮಾತನ್ನು ಹೇಳಲೇಬೇಕು. 2005ರಲ್ಲಿಯೇ, ಮೇಲೆ ಹೇಳಿದ ದೊಡ್ಡ ಪ್ರಯೋಗಗಳ ಫಲ ಬರುವ ಮುನ್ನವೇ, ಸಾರಾ ಲೂಯಿಸ್, ಎಬ್ರಾಹಿಮ್ ಮತ್ತು ಡೇವಿ ಸ್ಮಿತ್ ಅವರು ಅಚ್ಚಾಗಿದ್ದ 80 ಅಧ್ಯಯನಗಳನ್ನು ಮಾತ್ರ ಆಧರಿಸಿ, ಪ್ರಕಟಣೆಯ ಪಕ್ಷಪಾತದ ಸಂಶಯವನ್ನು ವ್ಯಕ್ತಪಡಿಸಿದ್ದರು. ಎಚ್ಚರಿಕೆಯಿಂದ ಓದುವವನಿಗೆ ಅಚ್ಚಾದ ಪುಟಗಳಲ್ಲಿಯೇ ಅಚ್ಚಾಗದ ಪುಟಗಳ ನೆರಳು ಕಾಣುತ್ತದೆ.

ವಂಶವಾಹಿಯ ಸಾಕ್ಷ್ಯವನ್ನು ಮುಂದಿಡುವ ಯಾವ ಪ್ರಬಂಧವನ್ನಾಗಲಿ ಓದುವಾಗ ನಮ್ಮ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಸಾಧಿಸಹೊರಟ ವ್ಯತ್ಯಾಸವನ್ನು ಗುರುತಿಸುವಷ್ಟು ಜನ ಅಧ್ಯಯನದಲ್ಲಿದ್ದಾರೆಯೆ? ಆ ಜನರ ಆಹಾರವೇನು, ನಮ್ಮ ಜನರ ಆಹಾರವೇನು? ‘ಸಂಬಂಧವಿಲ್ಲ’ ಎಂದು ಕಂಡವರ ಫಲಿತಾಂಶಗಳು ಎಲ್ಲಿ ಹೋದುವು?

ಈ ಮೂರನೆಯ ಪ್ರಶ್ನೆ ಅಧ್ಯಾಪಕರಿಗೂ, ಇಂತಹ ಸಂಚಿಕೆಗಳನ್ನು ಹೊರಡಿಸುವ ವಿಭಾಗಗಳಿಗೂ ಸಂಬಂಧಿಸಿದುದು. ನೂರಿನ್ನೂರು ರೋಗಿಗಳ ರಕ್ತವನ್ನು ಸಂಗ್ರಹಿಸಿ ಒಂದು ವಂಶವಾಹಿಯನ್ನು ಪರೀಕ್ಷಿಸುವುದು ವಿದ್ಯಾರ್ಥಿಗೆ ಕೈಗೆಟುಕುವ ಕೆಲಸ. ಟಿಟಿಗಳು ಭಾರತೀಯರಲ್ಲಿ ಯುರೋಪಿಗಿಂತ ವಿರಳವಾದುದರಿಂದ, ಅಷ್ಟು ಜನರಲ್ಲಿ ಸಿಕ್ಕುವ ಟಿಟಿಗಳನ್ನು ಬೆರಳಲ್ಲಿ ಎಣಿಸಬಹುದು. ಅಂತಹ ಅಧ್ಯಯನದಿಂದ ಆಕಸ್ಮಿಕವಾಗಿ ಒಂದು ಸಂಬಂಧ ಕಂಡರೆ ವಿದ್ಯಾರ್ಥಿಗೆ ಪ್ರಶಂಸೆ, ಕಾಣದಿದ್ದರೆ ಮೌನ ಎಂಬ ಪದ್ಧತಿ ನಡೆದುಬಂದರೆ, ಜಗತ್ತಿನ ದೊಡ್ಡ ಪತ್ರಿಕೆಗಳಲ್ಲಿ ಆದ ತಪ್ಪನ್ನು ನಾವು ಸಣ್ಣ ಪ್ರಮಾಣದಲ್ಲಿ ಮತ್ತೆ ಮಾಡಿದಂತಾಗುತ್ತದೆ. ಇದಕ್ಕೆ ಪರಿಹಾರ ಕಷ್ಟವಾದುದೇನಲ್ಲ. ಅಧ್ಯಯನ ಆರಂಭಿಸುವ ಮೊದಲೇ ಪ್ರಶ್ನೆಯನ್ನೂ ಜನಸಂಖ್ಯೆಯನ್ನೂ ಬರೆದಿಡುವುದು. ಹಲವು ಕಾಲೇಜುಗಳು ಸೇರಿ ಒಂದೇ ವಿಧಾನದಿಂದ ಮಾಹಿತಿ ಕೂಡಿಸುವುದು. ಫಲ ಹೌದಾಗಲಿ ಅಲ್ಲವಾಗಲಿ ಎಣಿಕೆಯನ್ನು ಪೂರ್ಣವಾಗಿ ಅಚ್ಚು ಹಾಕುವುದು. ವಾರ್ಷಿಕ ಸಂಚಿಕೆಯೊಂದು ತನ್ನ ಕೆಲವು ಪುಟಗಳನ್ನು ‘ಅಲ್ಲ’ ಎಂಬ ಉತ್ತರಗಳಿಗೆ ಮೀಸಲಿಟ್ಟರೆ ಅದರ ಗೌರವಕ್ಕೆ ಕುಂದು ಬಾರದು.

ಹೋಮೋಸಿಸ್ಟೀನ್ ಪ್ರಕರಣದಲ್ಲಿ ಮೂವತ್ತೇಳು ಸಾವಿರಕ್ಕೂ ಮಿಕ್ಕಿ ಜನರು ವರ್ಷಗಟ್ಟಲೆ ಪ್ರಯೋಗಕ್ಕೆ ಒಳಗಾದರು. ಅವರಲ್ಲಿ ಅನೇಕರು ಅದಾಗಲೇ ಹೃದ್ರೋಗಿಗಳಾಗಿದ್ದು, ಗುಳಿಗೆಯಿಂದ ಪ್ರಯೋಜನವಾದೀತೆಂಬ ನಿರೀಕ್ಷೆಯಿಂದ ಬಂದವರು. ಅಚ್ಚಾಗದೆ ಉಳಿದ ಉತ್ತರಗಳು ಸಕಾಲದಲ್ಲಿ ಬೆಳಕು ಕಂಡಿದ್ದರೆ ಆ ಶ್ರಮವನ್ನೂ ಹಣವನ್ನೂ ಬಹುಶಃ ಹೆಚ್ಚು ಭರವಸೆಯುಳ್ಳ ಪ್ರಶ್ನೆಗೆ ತಿರುಗಿಸಬಹುದಾಗಿತ್ತು. ಮೇಜಿನ ಒಳಗೆ ಉಳಿದುಹೋದ ಒಂದು ಸಣ್ಣ ‘ಅಲ್ಲ’ಕ್ಕೂ ಇಷ್ಟು ಬೆಲೆಯುಂಟೆಂಬುದನ್ನು ಸಂಶೋಧನೆಗೆ ಕಾಲಿಡುವ ವಿದ್ಯಾರ್ಥಿ ಮೊದಲ ದಿನವೇ ಕಲಿಯತಕ್ಕದ್ದು.